ಮಗಳು ಕಟ್ಟಿದ ಬುತ್ತಿ

ಮುಚ್ಚಳವೆಂಬುದು ಡಬ್ಬಿಯ ಒಂದು ಅಂಗವೋ, ಇಲ್ಲಾ ಅದಕ್ಕೆ ತನ್ನದೇ ಆದ ಸ್ವತಂತ್ರ ಜೀವನವಿದೆಯೋ ಎಂಬ ಪ್ರಶ್ನೆ ನಿಮ್ಮನ್ನು ಎಂದಾದರೂ ಕಾಡಿದ್ದರೆ, ನಾವಿಬ್ಬರೂ ಸ್ನೇಹಿತರಾಗಲು ಬೇರೆ ಕಾರಣ ಬೇಕಿಲ್ಲ. ನಮ್ಮ ಅಡುಗೆಮನೆಯ ಒಂದು ಗೂಡಿನಲ್ಲಿ ಡಬ್ಬಿಗಳ ಸಂಸಾರವಿದೆ. ಪಕ್ಕದ ಗೂಡಿನಲ್ಲಿ ಮುಚ್ಚಳಗಳ ಸಂಸಾರ. ಎರಡು ಮನೆಗಳಿಗೂ ಹಿಂದೆ ಬೀಗತನವಿದ್ದದ್ದು ನಿಜ. ಈಗ ಹೋಗಿಬರುವುದು ನಿಂತಿದೆ. ಪ್ರಯಾಣದ ಹಿಂದಿನ ದಿನ ಮಾತ್ರ ನಾನು ಮಧ್ಯಸ್ಥಿಕೆ ವಹಿಸಿ, ನೆಲದ ಮೇಲೆ ಕಾಲು ಚಾಚಿ ಕುಳಿತು, ಪ್ರತಿಯೊಂದು ಡಬ್ಬಿಗೂ ಸರದಿಯಂತೆ ಮುಚ್ಚಳಗಳನ್ನು ತೋರಿಸುತ್ತಾ ವಧೂವರಾನ್ವೇಷಣೆಗೆ ತೊಡಗುತ್ತೇನೆ.

ಇದರಲ್ಲಿ ನಾಚಿಕೆಗೇಡಿನ ಸಂಗತಿಯೆಂದರೆ ನನ್ನ ಕಸುಬೇ ಪಾತ್ರೆ ವ್ಯಾಪಾರ. ಶ್ರೀನಗರ ಬಡಾವಣೆಯಲ್ಲಿ ಅಪ್ಪ ಇಟ್ಟ ಅಂಗಡಿಯಲ್ಲಿ ಮೂರು ದಶಕಗಳಿಂದ ಕುಳಿತು, ಬಂದ ಗಿರಾಕಿಗಳಿಗೆಲ್ಲ "ಒಂದು ಹನಿ ಸೋರಿದ್ರೂ ವಾಪಸ್ ತನ್ನಿ ಮೇಡಂ" ಎಂದು ಎದೆ ತಟ್ಟಿ ಹೇಳುತ್ತಾ ಬಂದಿದ್ದೇನೆ. ನನ್ನದೊಂದು ಪರೀಕ್ಷೆಯಿದೆ: ಡಬ್ಬಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಒತ್ತಿ, ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ, ಗಿರಾಕಿಯೊಡನೆ ಮಳೆ ಬೆಳೆ ಮಾತಾಡಿ ಮುಗಿಸುವಷ್ಟು ಹೊತ್ತು ಬಿಡುವುದು. ಕಾಗದ ಒದ್ದೆಯಾಗದಿದ್ದರೆ ಅದು ಮಾನವಂತ ಡಬ್ಬಿ. ಊರಿಗೆಲ್ಲ ಮಾನವಂತ ಡಬ್ಬಿಗಳನ್ನು ಹಂಚಿದವನ ಮನೆಯಲ್ಲಿ ಉಳಿದಿರುವುದು ಮಾತ್ರ ಇಂಥ ಮುರಿದ ಸಂಬಂಧಗಳು. ಅಂಗಡಿಯವನ ಹಣೆಬರಹವೇ ಹಾಗೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಬುತ್ತಿ ಎಂಬ ಮಾತು ನನಗೆ ಬಹಳ ಇಷ್ಟ. ಅದನ್ನು ಯಾರೂ ತುಂಬುವುದಿಲ್ಲ, ಇಡುವುದಿಲ್ಲ; ಕಟ್ಟುತ್ತಾರೆ. ಮನೆಯನ್ನು ಕಟ್ಟುವ ಹಾಗೆ, ತಾಳಿ ಕಟ್ಟುವ ಹಾಗೆ, ದೇವರಿಗೆ ಮುಡಿಪು ಕಟ್ಟುವ ಹಾಗೆ. ಕಟ್ಟಿದವರ ಕೈಯ ಬಿಸಿ ಆ ಗಂಟಿನೊಳಗೆ ದಾರಿಯುದ್ದಕ್ಕೂ ಉಳಿಯುತ್ತದೆ ಎಂದು ನನ್ನ ತಾಯಿ ಹೇಳುತ್ತಾಳೆ. ಅದು ನಿಜವೇ ಇರಬಹುದು. ಆದರೆ ನಾನು ಕಟ್ಟಿದ ಬುತ್ತಿಯಲ್ಲಿ ಉಳಿಯುವುದು ಕೈಯ ಬಿಸಿಗಿಂತ ಹೆಚ್ಚಾಗಿ ಎದೆಯ ನಡುಕ. ಹೌದು, ನಮ್ಮ ಮನೆಯಲ್ಲಿ ದಾರಿಯ ಬುತ್ತಿಯ ಖಾತೆ ನನ್ನದು. ಕಾರು ಓಡಿಸುವ ಖಾತೆ ಹೆಂಡತಿ ಗಿರಿಜೆಯದು. ಸ್ಟಿಯರಿಂಗ್ ಹಿಡಿದರೆ ಎದುರಿನಿಂದ ಬರುವ ಪ್ರತಿ ಲಾರಿಯೂ ನನ್ನನ್ನೇ ಹುಡುಕಿಕೊಂಡು ಬರುತ್ತಿದೆಯೆಂದು ಅನ್ನಿಸುವ ನಾನು ಬಹಳ ಹಿಂದೆಯೇ ಆ ಪದವಿಯಿಂದ ನಿವೃತ್ತನಾಗಿ, ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ಒತ್ತುವ ಕೆಲಸಕ್ಕೆ ಸೇರಿಕೊಂಡಿದ್ದೇನೆ. ಹಸಿವು, ಬಾಯಾರಿಕೆ, ಮಳೆ, ಪಂಚರ್, ಬಂದ್, ಹೊಟ್ಟೆನೋವು, ಇವುಗಳಲ್ಲಿ ಯಾವುದು ಯಾವ ತಿರುವಿನಲ್ಲಿ ಕಾದು ಕುಳಿತಿದೆಯೋ ಎಂಬ ಭಯವೇ ನನ್ನ ಕೈಯಿಂದ ಪುಳಿಯೋಗರೆಯಾಗಿ, ಮೊಸರನ್ನವಾಗಿ, ಅಕ್ಕಿರೊಟ್ಟಿ, ಹುಚ್ಚೆಳ್ಳುಪುಡಿ, ಕೋಡುಬಳೆ, ಖಾರದ ಪುರಿಯಾಗಿ ಕಾರಿನ ಡಿಕ್ಕಿಯನ್ನು ತುಂಬುತ್ತದೆ.

ಈ ಸಲ ನಾವು ಹೊರಟದ್ದು ಚಿತ್ರದುರ್ಗಕ್ಕೆ. ಒಂದು ರಾತ್ರಿಯ ಮಟ್ಟಿಗೆ. ವಸಂತಪುರದ ನಮ್ಮ ಮನೆಯಿಂದ ಕೋಟೆಯ ಬಾಗಿಲಿಗೆ, ದೇವರು ಮತ್ತು ಟೋಲ್‌ಗೇಟುಗಳು ಒಲಿದರೆ, ಮಧ್ಯಾಹ್ನದೊಳಗೆ ತಲುಪುವ ದಾರಿ. ನಾನು ಹೊರಗೆ ತಂದು ಜೋಡಿಸಿದ ಚೀಲಗಳ ಸಾಲನ್ನು ಗಿರಿಜೆ ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದಳು.

"ರೀ, ನಾವು ಕೋಟೆ ನೋಡೋಕೆ ಹೋಗ್ತಿದೀವಾ, ಮುತ್ತಿಗೆ ಹಾಕೋಕಾ?"

"ದಾರೀಲಿ ಏನಾದ್ರೂ ಆದ್ರೆ?"

"ಆಗ್ಲಿ ಬಿಡಿ. ಈ ಚೀಲ ಎಲ್ಲ ಇಳಿಸೋ ಹೊತ್ತಿಗೆ ಅದೇ ಸರಿಹೋಗಿರುತ್ತೆ."

ಊಟದ ಚೀಲಗಳಲ್ಲದೆ ಮನರಂಜನೆಯದೇ ಒಂದು ಚೀಲವಿತ್ತು. ಬಟ್ಟೆಯ ಮೇಲೆ ಮನೆ ಹಾಕಿದ ಚೌಕಾಬಾರ, ಅದಕ್ಕೆ ಕವಡೆಗಳು, ಇಸ್ಪೀಟು, ಪದಬಂಧದ ಪುಸ್ತಕ, ಹಳೆಯ ಹಾಡುಗಳನ್ನು ತುಂಬಿಸಿದ ಒಂದು ಪೆನ್‌ಡ್ರೈವು. ಮಗಳು ದಾರಿಯುದ್ದಕ್ಕೂ ಮೊಬೈಲಿನೊಳಗೆ ಮುಳುಗಿಬಿಟ್ಟರೆ ಗತಿಯೇನು ಎಂಬುದು ಆ ಚೀಲದ ಹಿಂದಿನ ಭಯ. ಮೊದಲೆಲ್ಲ ಪ್ರಯಾಣಿಕರಿಗೆ ದಾರಿಯೇ ಮನರಂಜನೆಯಾಗಿತ್ತು. ಕಿಟಕಿಯ ಪಕ್ಕ ಕೂರಲು ಜಗಳವಾಗುತ್ತಿತ್ತು. ಈಗ ಕಿಟಕಿ ಅಂಗೈಯಗಲದ್ದಾಗಿ ಎಲ್ಲರ ಕೈಗೂ ಒಂದೊಂದು ಸಿಕ್ಕಿರುವುದರಿಂದ ಜಗಳವೂ ಇಲ್ಲ, ದಾರಿಯೂ ಇಲ್ಲ.

ಇಷ್ಟೆಲ್ಲ ಚೀಲಗಳ ಪಕ್ಕದಲ್ಲಿ, ಯಾರೂ ಕಾಲು ತಾಗಿಸದಂತೆ ಗೋಡೆಗೆ ಒರಗಿಸಿಟ್ಟ ಒಂದು ಸಣ್ಣ ನೀಲಿ ಚೀಲವಿತ್ತು. ಅದು ನನ್ನದಲ್ಲ. ಅದನ್ನು ಮುಟ್ಟುವ ಹಾಗೂ ಇರಲಿಲ್ಲ.

ಅದು ಮಗಳು ಸಿಂಚನಳದ್ದು. ಒಂಬತ್ತನೇ ತರಗತಿ. ಎರಡು ವರ್ಷದ ಹಿಂದೆ ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಇದೆಯೆಂದು ಗೊತ್ತಾಯಿತು. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ ಇದು. ದೇಹ ತಾನೇ ತಯಾರಿಸಬೇಕಾದ ಇನ್ಸುಲಿನ್ನನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಪ್ರತಿ ಊಟಕ್ಕೂ ಮೊದಲು ಬೆರಳ ತುದಿಯನ್ನು ಚುಚ್ಚಿ, ಒಂದು ಹನಿ ರಕ್ತದಲ್ಲಿ ಸಕ್ಕರೆಯೆಷ್ಟಿದೆ ನೋಡಿ, ತಿನ್ನಲಿರುವ ತುತ್ತಿನ ಲೆಕ್ಕ ಹಾಕಿ, ಅಷ್ಟಕ್ಕೆ ಸರಿಯಾದ ಇನ್ಸುಲಿನ್ನನ್ನು ಸೂಜಿಯಿಂದ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ತಿನ್ನದಿದ್ದರೆ ಸಕ್ಕರೆ ಇಳಿಯುತ್ತಾ ಹೋಗಿ, ಕೈ ನಡುಗಿ, ಕಣ್ಣು ಕತ್ತಲಿಟ್ಟು, ಕೊನೆಗೆ ಎಚ್ಚರ ತಪ್ಪಬಹುದು. ಹುಟ್ಟಾ ಭಯಸ್ಥನೊಬ್ಬನ ಮನೆಗೆ ದೇವರು ಇಂಥದೊಂದು ಲೆಕ್ಕವನ್ನು ಕಳಿಸಿಕೊಟ್ಟದ್ದು ಅವನ ವಿನೋದಪ್ರಜ್ಞೆಗೆ ಸಾಕ್ಷಿಯಿರಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಹೆಚ್ಚು ಕೇಳಿಬರುವ ವಾಕ್ಯ "ನೋಡ್ಕೊಂಡ್ಯಾ?" ಎನ್ನುವುದು. ಅದರ ಕರ್ತೃ ನಾನು. ಅವಳು ಸ್ನಾನದ ಮನೆಯಿಂದ ಹೊರಬರಲಿ, ಗೆಳತಿಯೊಡನೆ ಫೋನಿನಲ್ಲಿರಲಿ, ಕೇಳುತ್ತೇನೆ; ಅಂಗಡಿಯಲ್ಲಿದ್ದರೆ ಫೋನ್ ಮಾಡಿ ಕೇಳುತ್ತೇನೆ.

ಮುಂದಿನ ತಿಂಗಳು ಶಾಲೆಯಿಂದ ಬಾದಾಮಿ, ಐಹೊಳೆಗೆ ಪ್ರವಾಸ. ಎರಡು ರಾತ್ರಿ ಹೊರಗೆ. ಅವಳು ಬಂದು ಕೇಳಿದಾಗ "ನೋಡೋಣ" ಎಂದಿದ್ದೆ.

"ನಿನ್ ಭಾಷೇಲಿ ನೋಡೋಣ ಅಂದ್ರೆ ಇಲ್ಲ ಅಂತ ತಾನೆ ಅಪ್ಪಾ?"

"ಹಾಗಲ್ಲ ಪುಟ್ಟಾ..."

"ಒಂದು ಡೀಲ್. ಮೊದ್ಲು ನಾವೆಲ್ಲ ಎಲ್ಲಾದ್ರೂ ಹೋಗೋಣ. ಆ ಎರಡು ದಿನ ನನ್ನ ಊಟ, ನನ್ನ ಇನ್ಸುಲಿನ್ನು ಎಲ್ಲಾ ನಾನೇ ಪ್ಯಾಕ್ ಮಾಡ್ತೀನಿ, ನಾನೇ ನೋಡ್ಕೊತೀನಿ. ನೀನು ಒಂದ್ಸಲಾನೂ 'ನೋಡ್ಕೊಂಡ್ಯಾ' ಅನ್ಬಾರ್ದು. ಸರಿಯಾಗಿ ಮಾಡಿದ್ರೆ ಸ್ಕೂಲ್ ಟ್ರಿಪ್ಪಿಗೆ ಕಳಿಸ್ಬೇಕು."

"ಸರಿಯಾಗಿ ಮಾಡ್ಲಿಲ್ಲ ಅಂದ್ರೆ?"

ಅವಳು ಒಂದು ಗಳಿಗೆ ಯೋಚಿಸಿದಳು. "ಆಗ ನಾನೇ ಹೋಗಲ್ಲ ಬಿಡು."

ಹಟ ಮಾಡುವ ಮಗುವಿಗೆ ಇಲ್ಲವೆನ್ನುವುದು ಸುಲಭ. ತನ್ನ ಸೋಲಿನ ಸಾಧ್ಯತೆಯನ್ನು ತಾನೇ ಮೇಜಿನ ಮೇಲೆ ತಂದಿಡುವ ಮಗುವಿಗೆ ಏನೆನ್ನುತ್ತೀರಿ? ಗಿರಿಜೆ ಒಳಗಿನಿಂದಲೇ ತೀರ್ಪುಕೊಟ್ಟಳು: "ಪರೀಕ್ಷೆ ಅವಳಿಗಲ್ಲ ಕಣ್ರೀ, ನಿಮಗೆ." ಹಾಗಾಗಿ ನೀಲಿ ಚೀಲವನ್ನು ನಾನು ದೂರದಿಂದಲೇ ನೋಡುತ್ತಿದ್ದೆ. ಅದರೊಳಗೆ ಎಷ್ಟು ಬಿಸ್ಕತ್ತು, ಗ್ಲೂಕೋಸ್ ಮಾತ್ರೆ ಎಷ್ಟು, ಇನ್ಸುಲಿನ್ನನ್ನು ತಂಪಾಗಿಡುವ ಪೌಚನ್ನು ನೀರಲ್ಲಿ ನೆನೆಸಿದ್ದಾಳೋ ಇಲ್ಲವೋ ಎಂಬ ಪ್ರಶ್ನೆಗಳು ಗಂಟಲಿನವರೆಗೆ ಬಂದು, ಅಲ್ಲೇ ಮುದುರಿ ಕುಳಿತು, ಹೊಟ್ಟೆಗಿಳಿದು ಗ್ಯಾಸ್ ಆದವು. ಗುಟ್ಟಾಗಿ ಹೇಳುತ್ತೇನೆ: ಅವಳ ಚೀಲದಲ್ಲಿ ಇರಬೇಕಾದ ಎಲ್ಲವನ್ನೂ ನನ್ನ ಚೀಲದಲ್ಲಿ ಎರಡೆರಡು ಸಲ ಇಟ್ಟುಕೊಂಡಿದ್ದೆ.

ನಮ್ಮ ತಂಡದ ನಾಲ್ಕನೆಯ ಸದಸ್ಯೆ ನನ್ನ ತಾಯಿ. ಎಂಬತ್ತು ಸಮೀಪಿಸಿದೆ, ಮಂಡಿ ಮಾತು ಕೇಳುವುದಿಲ್ಲ, ಉಳಿದೆಲ್ಲವೂ ಅವಳ ಮಾತು ಕೇಳುತ್ತವೆ. ಅಮ್ಮನದು ಎರಡು ನೇಮ. ಒಂದು: ಲಿಂಗಪೂಜೆಯಾಗದೆ ಅವಳು ಹನಿ ನೀರನ್ನೂ ಬಾಯಿಗಿಡುವುದಿಲ್ಲ, ಅವಳ ಪೂಜೆ ಮುಗಿಯದೆ ಮನೆಯಲ್ಲಿ ಯಾರೂ ತಟ್ಟೆಗೆ ಕೈಹಾಕುವುದಿಲ್ಲ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ. ನಾವು ಹುಟ್ಟುವಾಗಲೇ ನಮ್ಮ ಹಸಿವು ಹೀಗೆ ಕಾಯಲು ಕಲಿತುಕೊಂಡು ಬಂದಿತ್ತು. ಎರಡು: ತಿನ್ನುವವರ ತುತ್ತು ಎಣಿಸಬಾರದು. ಯಾರು ಎಷ್ಟು ರೊಟ್ಟಿ ತಿಂದರೆಂದು ಬಾಯಿಬಿಟ್ಟು ಹೇಳಿದರೆ ಅಮ್ಮನಿಗೆ ಸಿಟ್ಟು ಬರುತ್ತದೆ. ಎಣಿಸಿದ ಅನ್ನ ಮೈಗೆ ಹತ್ತುವುದಿಲ್ಲವಂತೆ. ಅಂಥ ಮನೆಯಲ್ಲಿ ಒಂದು ಮಗು ಅನ್ನವನ್ನು ಗ್ರಾಂ ಲೆಕ್ಕದಲ್ಲಿ ಎಣಿಸಿ ತಿನ್ನಬೇಕಾಗಿ ಬಂದಾಗ ಅಮ್ಮ ಕೆಲವು ದಿನ ಊಟದ ಹೊತ್ತಿಗೆ ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದಳು. ಆಮೇಲಾಮೇಲೆ ಎದ್ದು ಹೋಗುವುದನ್ನು ಬಿಟ್ಟಳು. ಯಾಕೆಂದು ನಾವು ಕೇಳಲಿಲ್ಲ.

ನಸುಕಿಗೆ ಹೊರಟೆವು. ಅಮ್ಮ ಸ್ನಾನ ಮಾಡಿ ಮಡಿಯುಟ್ಟು ಕಾರು ಹತ್ತಿದಳೇ ಹೊರತು ಪೂಜೆ ಮಾಡಿಕೊಳ್ಳಲಿಲ್ಲ. ಬಿಸಿಲು ಕಾಣದೆ ಪೂಜೆಗೆ ಕೂರುವುದು ಅವಳ ಪದ್ಧತಿಯಲ್ಲ. "ದಾರೀಲೆ ಮಾಡ್ಕೊತೀನಿ ಬಿಡ್ರೋ, ಶಿವ ವಸಂತಪುರದಲ್ಲಿ ಮಾತ್ರ ಇರೋದಾ?" ಎಂದಳು. ನೈಸ್ ರಸ್ತೆ ಹಿಡಿದು, ತುಮಕೂರು ರಸ್ತೆಗೆ ಇಳಿದು, ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ನೆಲಮಂಗಲವನ್ನು ದಾಟುವಷ್ಟರಲ್ಲಿ ನನ್ನ ಮನರಂಜನಾ ವಿಭಾಗ ಸಂಪೂರ್ಣ ದಿವಾಳಿಯಾಗಿತ್ತು. ಪೆನ್‌ಡ್ರೈವು ಚುಚ್ಚುವ ತೂತೇ ಈ ಹೊಸ ಕಾರಿನಲ್ಲಿರಲಿಲ್ಲ. ಚೌಕಾಬಾರದ ಕವಡೆಗಳು ಮೊದಲ ಉಬ್ಬಿಗೇ ಹಾರಿ ಸೀಟುಗಳ ಸಂದಿಯಲ್ಲಿ ವನವಾಸ ಸೇರಿದವು. ಪದಬಂಧ ನೋಡಿದರೆ ನನಗೆ ತಲೆಸುತ್ತು ಬಂತು. ಸಿಂಚನ ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು.

ಶಿರಾ ಇನ್ನೂ ಸ್ವಲ್ಪ ದೂರವಿರುವಾಗ ಗಿರಿಜೆ, "ಮುಂದೆ ದೊಡ್ಡ ಹುಣಸೇಮರ ಇದೆ, ಅಲ್ಲಿ ನಿಲ್ಲಿಸ್ತೀನಿ, ತಿಂಡಿ ತಿನ್ನೋಣ" ಎಂದಳು. ಹಿಂದಿನ ಸೀಟಿನಲ್ಲಿ ಚೀಲದ ಜಿಪ್ಪಿನ ಸದ್ದಾಯಿತು. ಸಿಂಚನ ಬೆರಳು ಚುಚ್ಚಿಕೊಂಡಳು, ಯಂತ್ರ ನೋಡಿಕೊಂಡಳು, ತುಟಿಯಲ್ಲೇ ಏನೋ ಕೂಡಿಸಿ ಕಳೆದಳು, ಸೂಜಿ ತೆಗೆದುಕೊಂಡಳು. ಯಂತ್ರ ಎಷ್ಟು ತೋರಿಸಿತೆಂದು ಕೇಳಬೇಕೆಂಬ ನನ್ನ ನಾಲಗೆಯನ್ನು ಹಲ್ಲುಗಳು ಹಿಡಿದುಕೊಂಡಿದ್ದವು. ನಿಜ ಹೇಳಬೇಕೆಂದರೆ ಆ ಸಂಯಮಕ್ಕಾಗಿ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಮರದ ಕೆಳಗೆ ಜಮಖಾನ ಹಾಸಿದೆವು. ಬಿಸಿಲು ಆಗಷ್ಟೇ ಹೊಲದ ಮೇಲೆ ಬಿದ್ದಿತ್ತು. ಅಮ್ಮ ಪೂಜೆಯ ಚೀಲ ತೆಗೆದಳು: ವಿಭೂತಿ, ಪತ್ರೆ, ಪುಟ್ಟ ತಂಬಿಗೆ. ಆಗ ನನಗೆ ಹೊಳೆಯಿತು, ಅಮ್ಮನಿಗೆ ನೆಲದ ಮೇಲೆ ಕೂರಲಾಗುವುದಿಲ್ಲ. ಮನೆಯಲ್ಲಾದರೆ ಅವಳದೊಂದು ಎತ್ತರದ ಮಣೆಯಿದೆ. ಮಳೆಗೆ ಕೊಡೆ, ಚಳಿಗೆ ಶಾಲು, ಹಾವಿಗೆ ಟಾರ್ಚು, ಬರದಿರುವ ಪ್ರವಾಹಕ್ಕೆ ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ತಂದಿದ್ದ ನಾನು ಮಣೆ ತಂದಿರಲಿಲ್ಲ. ಡಿಕ್ಕಿಯ ಮುಂದೆ ಪೆಚ್ಚಾಗಿ ನಿಂತಿದ್ದಾಗ ಪಕ್ಕದಿಂದ ಒಂದು ಕೈ ತೂರಿ, ನನ್ನ ಮೊಸರನ್ನದ ಚೀಲವನ್ನು ಸರಿಸಿ, ಅದರ ಹಿಂದಿನಿಂದ ಮಣೆಯನ್ನು ಎಳೆಯಿತು.

"ಸರಿ ಅಪ್ಪಾ, ದಾರಿ ಬಿಡು," ಎಂದಳು ಸಿಂಚನ. ಜೊತೆಗೆ ಒಂದು ಬಾಟಲಿ ನೀರು. "ಇದು ಪೂಜೆಗೆ ಅಂತ ಬೇರೆ ಇಟ್ಟಿದೀನಿ, ಯಾರೂ ಬಾಯಿ ಹಾಕ್ಬೇಡಿ."

ಅಮ್ಮ ಮಣೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕುಳಿತು, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ದೃಷ್ಟಿ ನೆಟ್ಟಳು. ಆ ಮೇಲೆ ಅವಳಿಗೆ ಹೆದ್ದಾರಿಯೂ ಇಲ್ಲ, ನಾವೂ ಇಲ್ಲ. ನಾನು ಡಬ್ಬಿಗಳನ್ನು ಬಿಚ್ಚಿ ಸಾಲಾಗಿಟ್ಟು, ಕೈಕಟ್ಟಿ ಕುಳಿತೆ. ಗಿರಿಜೆಯೂ ಕುಳಿತಳು. ಅಷ್ಟರಲ್ಲಿ ಸಿಂಚನ ತನ್ನ ನೀಲಿ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ್ದನ್ನು ಕಂಡು, ನಲವತ್ತೊಂಬತ್ತು ವರ್ಷಗಳ ಅಭ್ಯಾಸ ನನ್ನ ಬಾಯಿಂದ ತಾನಾಗಿಯೇ ಮಾತಾಡಿತು.

"ಇರು ಪುಟ್ಟಾ, ಅಜ್ಜಿ ಪೂಜೆ ಮುಗೀಲಿ."

ನೋಡಿ, ಎರಡು ವರ್ಷದಿಂದ ಹಗಲಿರುಳು ಯಾವ ಗಳಿಗೆಗಾಗಿ ಕಾವಲು ಕಾಯುತ್ತಿದ್ದೆನೋ ಆ ಗಳಿಗೆ ಬಂದು ಎದುರಿಗೆ ಕುಳಿತಾಗ ಕಾವಲುಗಾರನೇ ಬಾಗಿಲು ತೆರೆದು ಒಳಕ್ಕೆ ಕರೆದಂತಾಯಿತು. ಸೂಜಿ ತೆಗೆದುಕೊಂಡದ್ದನ್ನು ಕನ್ನಡಿಯಲ್ಲಿ ಕಣ್ಣಾರೆ ಕಂಡವನು ನಾನು. ಮನೆಯಲ್ಲಿ ಈ ತೊಡಕು ಎಂದೂ ಬಂದಿರಲಿಲ್ಲ. ಅವಳು ತಿಂಡಿಗೆ ಕೂರುವ ಹೊತ್ತಿಗೆ ಅಮ್ಮನ ಪೂಜೆ ದಿನವೂ ಮುಗಿದಿರುತ್ತಿತ್ತು. ಎರಡು ನೇಮಗಳು ಅಕ್ಕಪಕ್ಕದಲ್ಲಿ ಒಂದನ್ನೊಂದು ಮುಟ್ಟದೆ ನಡೆಯುತ್ತಿದ್ದವು. ಈಗ ಹುಣಸೇಮರದ ಕೆಳಗೆ ಮೊದಲ ಬಾರಿಗೆ ಮುಖಾಮುಖಿಯಾಗಿದ್ದವು.

ಸಿಂಚನ ನನ್ನನ್ನು ನೋಡಿದಳು. ಸಿಟ್ಟಿಲ್ಲ, ಗಾಬರಿಯಿಲ್ಲ, ಪಾಠ ಮರೆತ ಹುಡುಗನನ್ನು ಒಳ್ಳೆಯ ಟೀಚರು ನೋಡುವ ಹಾಗೆ ನೋಡಿದಳು.

"ಅಪ್ಪಾ, ನಂದು ಇನ್ಸುಲಿನ್ ಆಗಿದೆ. ನಾನು ತಿಂತೀನಿ." ರಾಗಿರೊಟ್ಟಿಯನ್ನು ಮುರಿದು, ಹೆಸರುಕಾಳಿನ ಉಸಲಿಯ ಜೊತೆಗೆ ಬಾಯಿಗಿಟ್ಟುಕೊಂಡಳು. ಅಜ್ಜಿಯ ಎದುರಿಗೇ. ನಮ್ಮ ವಂಶದಲ್ಲಿ ಯಾರೂ ಮಾಡದಿದ್ದ ಕೆಲಸವನ್ನು, ನಿಧಾನವಾಗಿ ಜಗಿಯುತ್ತಾ ಮಾಡಿದಳು.

ಗಾಬರಿಯಾಗಬೇಕಾದ್ದು ನನಗೆ. ಆಯಿತು ಕೂಡ, ಎರಡೂ ಕಡೆಯಿಂದ. ನನ್ನ ಮಾತು ಕೇಳಿ ಅವಳು ಕಾದು ಕುಳಿತಿದ್ದರೆ ಎಂಬ ಭಯ ಒಂದು ಕಡೆ. ಪೂಜೆ ಮುಗಿಸಿ ಅಮ್ಮ ಏನೆನ್ನುತ್ತಾಳೋ ಎಂಬ ಭಯ ಇನ್ನೊಂದು ಕಡೆ. ಈ ಎರಡರ ನಡುವೆ ನಾನು ಕೋಡುಬಳೆಯ ಡಬ್ಬಿಯನ್ನು ಮುಚ್ಚಿ ತೆಗೆದು ಮುಚ್ಚಿ ತೆಗೆದು ಮಾಡುತ್ತಿದ್ದೆ. ಗಿರಿಜೆ ಮೆಲ್ಲಗೆ ನನ್ನ ಕೈಯಿಂದ ಅದನ್ನು ಕಸಿದುಕೊಂಡಳು.

ಅಮ್ಮ ಪೂಜೆ ಮುಗಿಸಿದಳು. ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡು, ಮೊಮ್ಮಗಳ ಖಾಲಿ ಡಬ್ಬಿಯತ್ತ ಒಮ್ಮೆ ನೋಡಿ, ನನ್ನತ್ತ ತಿರುಗಿದಳು.

"ಯಾಕೋ, ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?"

"ಅಲ್ಲಮ್ಮಾ, ಅವಳು ಮೊದ್ಲೇ ತಿಂದ್ಬಿಟ್ಳು. ಇನ್ಸುಲಿನ್ ತಗೊಂಡಾಗಿತ್ತು, ಅದಕ್ಕೆ... ನೀನು ಬೇಜಾರು ಮಾಡ್ಕೋಬೇಡ."

"ನಂಗ್ಯಾಕೋ ಬೇಜಾರು? ನಿನ್ನೆ ಮಧ್ಯಾಹ್ನಾನೇ ಬಂದು ಕೇಳಿದ್ಳು. 'ಅಜ್ಜೀ, ನಾಳೆ ನೀನು ದಾರೀಲಿ ಪೂಜೆ ಮಾಡ್ತೀಯ, ಅಷ್ಟೊತ್ತಿಗೆ ನಂದು ಸೂಜಿ ಆಗಿರುತ್ತೆ, ನಿನಗಿಂತ ಮುಂಚೆ ತಿಂದ್ರೆ ಪರವಾಗಿಲ್ವಾ' ಅಂತ. ಕೂರೋಕೆ ಏನ್ ಮಾಡ್ತೀಯ ಅಂತಾನೂ ಅವಳೇ ಕೇಳಿದ್ದು."

"ನೀನೇನಂದೆ?"

"ಏನಂತೀನಿ? ನಾನು ಅಂಗೈ ನೋಡ್ಕೊತೀನಿ, ನೀನು ಬೆರಳ ತುದಿ ನೋಡ್ಕೊತೀಯ. ಇಬ್ಬರದೂ ಹೊತ್ತು ತಪ್ಪಬಾರದು ಅಂದೆ." ಅಮ್ಮ ರೊಟ್ಟಿಗೆ ಕೈಚಾಚಿದಳು. "ನಿಂಗೆ ಮಾತ್ರ ಹೇಳ್ಬೇಡ ಅಂದೆ. ಹೇಳಿದ್ರೆ ನೀನು ನಿದ್ದೆ ಮಾಡ್ತಿರ್ಲಿಲ್ಲ."

ಗಿರಿಜೆ ನಕ್ಕದ್ದು ಕಂಡರೆ ಅವಳಿಗೂ ಗೊತ್ತಿತ್ತು. ಒಂದು ಮನೆಯ ಮೂವರು ಹೆಂಗಸರು ನನ್ನ ನಿದ್ದೆಯ ಕ್ಷೇಮಕ್ಕಾಗಿ ನಡೆಸಿದ ಈ ಪಿತೂರಿಯ ಮಧ್ಯೆ ನಾನು ಬಾಯಿತುಂಬ ಪುಳಿಯೋಗರೆ ತುಂಬಿಕೊಂಡು ಕುಳಿತೆ. ಬಾಯಿ ಖಾಲಿ ಬಿಟ್ಟಿದ್ದರೆ ಎದೆಯಲ್ಲಿದ್ದದ್ದು ಕಣ್ಣಿನಿಂದ ಹೊರಬರುವ ಹಾಗಿತ್ತು.

ಸ್ನೇಹಿತರೇ, ನೇಮವೆಂದರೆ ಅನುಸರಿಸುವುದು ಎಂದು ನಾನು ತಿಳಿದಿದ್ದೆ. ಮುರಿಯಬೇಕಾಗಿ ಬಂದಾಗ ಹಿಂದಿನ ದಿನವೇ ಹೋಗಿ, ನೇಮದವರ ಎದುರು ಕುಳಿತು, ಅವರ ಮಂಡಿಗೊಂದು ಮಣೆಯನ್ನೂ ಯೋಚಿಸಿ, ಒಪ್ಪಿಗೆ ಪಡೆದು ಮುರಿಯುವುದಿದೆಯಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ನಾನಾಗಿದ್ದರೆ ನೇಮಕ್ಕೆ ಹೆದರಿ ಸುಮ್ಮನಿರುತ್ತಿದ್ದೆ, ಇಲ್ಲವೇ ಕದ್ದು ತಿಂದು ಬಾಯೊರೆಸಿಕೊಳ್ಳುತ್ತಿದ್ದೆ. ನಾನು ಕಟ್ಟಿದ ಚೀಲಗಳಲ್ಲಿ ಬರಬಹುದಾದ ಅಪಾಯಗಳೆಲ್ಲ ಇದ್ದವು. ಅವಳು ಕಟ್ಟಿದ ಚೀಲದಲ್ಲಿ ಬರಲಿದ್ದ ಮನುಷ್ಯರು ಇದ್ದರು.

ಮತ್ತೆ ಹೊರಟ ಮೇಲೆ ಮನರಂಜನೆಯ ಹೊಣೆಯನ್ನೂ ಅವಳೇ ವಹಿಸಿಕೊಂಡಳು. ಡಬ್ಬಿಯಿಂದ ಒಂದು ತಿಂಡಿ ಎತ್ತಿ ಹಿಡಿಯುವುದು, ಅದರಲ್ಲಿ ಎಷ್ಟು ಗ್ರಾಂ ಕಾರ್ಬ್ ಇದೆಯೆಂದು ಎಲ್ಲರೂ ಊಹಿಸುವುದು, ಆಮೇಲೆ ಮೊಬೈಲಿನಲ್ಲಿ ನೋಡುವುದು. ಕಾರ್ಬ್ ಎಂದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಪಾಲು ಎಂದು ಅಜ್ಜಿಗೆ ಬಿಡಿಸಿ ಹೇಳಿದಳು. ತುತ್ತು ಎಣಿಸಬಾರದೆಂಬ ಅಮ್ಮ ಈ ಆಟಕ್ಕೆ ಏನೆನ್ನುತ್ತಾಳೋ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಮ್ಮ ಕೋಡುಬಳೆಯನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ, "ಎರಡು" ಎಂದಳು.

"ಎಂಟು, ಅಜ್ಜಿ!"

"ಸುಳ್ಳು. ನಿನ್ನ ಮೊಬೈಲು ನನ್ನ ಕೈಲಿರೋ ಕೋಡುಬಳೆ ತಿಂದು ನೋಡಿದ್ಯಾ?"

"ಅದು ಎಲ್ಲಾ ಕೋಡುಬಳೆಗೂ ಹೇಳೋದು ಅಜ್ಜಿ."

"ಎಲ್ಲಾ ಕೋಡುಬಳೆ ಒಂದೇನೇ? ನಿಮ್ಮಪ್ಪ ಕಲಸಿದ ಹಿಟ್ಟು ನೋಡು, ಅರ್ಧ ಭಯ, ಅರ್ಧ ಅಕ್ಕಿ. ಭಯದ ಅರ್ಧಕ್ಕೆ ಸಕ್ಕರೆ ಇಲ್ಲ, ಕಳೆದುಬಿಡು."

ಗಿರಿಜೆ ನಗುವ ಭರದಲ್ಲಿ ಹಾರ್ನ್ ಒತ್ತಿದಳು. ಹಿರಿಯೂರು ಬಂದದ್ದೇ ತಿಳಿಯಲಿಲ್ಲ. ಎಣಿಕೆಯಲ್ಲಿ ಇಷ್ಟು ಪ್ರೀತಿ ಅಡಗಿರಬಹುದೆಂದು ನನಗೆ ಹೊಳೆದಿರಲಿಲ್ಲ. ಜಿಪುಣನೂ ಎಣಿಸುತ್ತಾನೆ, ಗದ್ದುಗೆಯ ಮುಂದೆ ಜಪ ಮಾಡುವವನೂ ಎಣಿಸುತ್ತಾನೆ. ಬೆರಳುಗಳ ಚಲನೆ ಒಂದೇ, ಮನಸ್ಸು ಬೇರೆ. ಅಮ್ಮ ಅಡುಗೆಮನೆಯಿಂದ ಎದ್ದು ಹೋಗುವುದನ್ನು ಬಿಟ್ಟದ್ದು ಯಾಕೆಂದು ಅಲ್ಲಿ ಗೊತ್ತಾಯಿತು.

ಚಿತ್ರದುರ್ಗದಲ್ಲಿ ಅಮ್ಮ ಮತ್ತು ಗಿರಿಜೆ ಮೊದಲ ಬಾಗಿಲ ನೆರಳಲ್ಲಿ ಕುಳಿತರು. ನಾನು, ಸಿಂಚನ ಹತ್ತತೊಡಗಿದೆವು. ಹತ್ತುವ ಮೊದಲು ಅವಳು ಏನೋ ಒಂದಿಷ್ಟು ತಿಂದಳು. ಮೈ ದಣಿದರೆ ಸಕ್ಕರೆ ಇಳಿಯುತ್ತದೆಂದು ಅವಳಿಗೆ ಗೊತ್ತು. ಆದರೂ ಕಲ್ಲಿನ ಮೆಟ್ಟಿಲುಗಳು ಕಡಿದಾದ ಕಡೆ ಅವಳು ಥಟ್ಟನೆ ನಿಂತಳು.

"ಅಪ್ಪಾ, ಕೂತ್ಕೊಳೋಣ."

ಮುಖ ಸ್ವಲ್ಪ ಬಿಳಚಿಕೊಂಡಿತ್ತು. ಚೀಲ ತೆಗೆಯುವಾಗ ಬೆರಳು ನಡುಗುತ್ತಿದ್ದವು. ನನ್ನ ಹೆಗಲಿನ ಚೀಲದಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಗ್ಲೂಕೋಸಿನ ಎರಡು ಪೊಟ್ಟಣಗಳಿದ್ದವು. ಕೈ ಅಲ್ಲಿಗೆ ಹೋಗಿತ್ತು ಕೂಡ. ಆದರೆ ಅವಳು ತನ್ನದನ್ನು ಆಗಲೇ ಬಿಚ್ಚಿದ್ದಳು. ನಾನು ಕೈಯನ್ನು ಮೊಣಕಾಲ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು ಅದುಮಿ ಹಿಡಿದೆ. ಆ ಕೋಟೆಯಲ್ಲಿ ಎಷ್ಟೋ ಜನ ಎಷ್ಟೋ ಪರಾಕ್ರಮ ಮೆರೆದಿದ್ದಾರೆ. ನನ್ನದನ್ನೂ ಒಂದು ಮೂಲೆಯಲ್ಲಿ ಬರೆದುಕೊಳ್ಳಬಹುದು. ಅವಳು ಬೆರಳು ಚುಚ್ಚಿ ನೋಡಿದಳು, ಮಾತ್ರೆಗಳನ್ನು ಅಗಿದಳು, ಬಂಡೆಗೊರಗಿ ಕಣ್ಣು ಮುಚ್ಚಿದಳು.

ಮೇಲಿನಿಂದ ಇಳಿದು ಬರುತ್ತಿದ್ದ ಮಹಿಳೆಯೊಬ್ಬರು ನಿಂತರು. "ಏನಾಯ್ತು ಸಾರ್ ಮಗೂಗೆ?"

ನಾನು ಬಾಯಿ ತೆರೆಯುವ ಮೊದಲೇ ಸಿಂಚನ ಕಣ್ಣು ಬಿಟ್ಟಳು. "ಏನಿಲ್ಲ ಆಂಟಿ. ನಂಗೆ ಡಯಾಬಿಟಿಸ್ ಇದೆ. ಶುಗರ್ ಸ್ವಲ್ಪ ಕಮ್ಮಿ ಆಗಿದೆ, ಈಗ ಸರಿಹೋಗುತ್ತೆ."

"ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗಾ! ಸಿಹಿ ಜಾಸ್ತಿ ತಿಂತಿದ್ಯೇನಮ್ಮಾ?"

"ಇಲ್ಲ ಆಂಟಿ, ಇದು ಸಿಹಿ ತಿಂದು ಬರೋದಲ್ಲ." ಇನ್ನೊಂದು ಮಾತ್ರೆ ಬಾಯಿಗಿಟ್ಟುಕೊಂಡು ನಕ್ಕಳು. "ಆದ್ರೆ ಈಗ ಸಿಹಿ ತಿಂದ್ರೇನೇ ಹೋಗೋದು. ನಿಮಗೂ ಒಂದು ಬೇಕಾ? ಕಿತ್ತಳೆ ಫ್ಲೇವರ್."

ಆಕೆ ನಗುತ್ತಾ ಒಂದನ್ನು ತೆಗೆದುಕೊಂಡು ಇಳಿದು ಹೋದರು. ನೆಂಟರ ಮನೆಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ ನಾವು ದನಿ ತಗ್ಗಿಸಿ, ಅತ್ತಿತ್ತ ನೋಡಿ ಹೇಳುವ ಮಾತನ್ನು ಅವಳು ಬೆಟ್ಟದ ಬಯಲು ಗಾಳಿಯಲ್ಲಿ, ಊರ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ನನ್ನ ಎದೆ ಆಗ ಎಷ್ಟು ಹಿಗ್ಗಿತೆಂದರೆ ಅಂಗಿಯ ಗುಂಡಿಗಳ ಬಗ್ಗೆಯೂ ಒಂದು ಸಣ್ಣ ಚಿಂತೆ ಬಂತು.

ಕಾಲು ಗಂಟೆಯಾಗಿರಬೇಕು, ಮತ್ತೆ ನೋಡಿಕೊಂಡಳು, ಒಂದೆರಡು ಬಿಸ್ಕತ್ತು ತಿಂದಳು, ಎದ್ದಳು. ನಾನು ಏಳಲಿಲ್ಲ. ಮೆಟ್ಟಿಲು, ಆತಂಕ ಎರಡೂ ಸೇರಿ ನನ್ನ ಉಸಿರು ಇನ್ನೂ ಕೆಳಗಿನ ಬಾಗಿಲಲ್ಲೇ ಇತ್ತು. ಅವಳು ನೀರಿನ ಬಾಟಲಿ ಚಾಚಿ, ಬಗ್ಗಿ ನನ್ನ ಮುಖ ನೋಡಿ, ಗಂಭೀರವಾಗಿ ಕೇಳಿದಳು.

"ಅಪ್ಪಾ, ನೀನು ನೋಡ್ಕೊಂಡ್ಯಾ?"

ಪ್ರವಾಸವಿಡೀ ನಾನು ಹೇಳದೆ ಉಳಿಸಿಕೊಂಡ ಮಾತನ್ನು ಅವಳು ನನ್ನ ಮೇಲೆಯೇ ಖರ್ಚು ಮಾಡಿದಳು. ಇಬ್ಬರೂ ನಕ್ಕೆವು. ಇಳಿಯುವಾಗ ಅವಳು ಕೇಳುತ್ತಾಳೆಂದು ಕಾದೆ, ಕೇಳಲಿಲ್ಲ. ಕೊನೆಗೆ ನಾನೇ ಹೇಳಬೇಕಾಯಿತು.

"ಬಾದಾಮಿಗೆ ಹೋಗ್ಬಾ."

"ನಿಜ್ವಾಗ್ಲೂ? ಇವತ್ತು ಲೋ ಆಯ್ತಲ್ಲಾ ಅಪ್ಪಾ..."

"ಆಯ್ತು. ನೀನೇ ಹಿಡಿದೆ, ನೀನೇ ಸರಿಮಾಡ್ಕೊಂಡೆ. ನೀನು ಪಾಸು."

"ನೀನು?"

"ನಾನು ಜಸ್ಟ್ ಪಾಸು. ಹುಣಸೇಮರದ ಹತ್ರ ಗ್ರೇಸ್ ಮಾರ್ಕ್ಸ್ ಹಾಕಿದೀರಿ."

ಶಾಲೆಯ ಬಸ್ಸು ಹೊರಟದ್ದು ಒಂದು ಶುಕ್ರವಾರ ಬೆಳಿಗ್ಗೆ. ಜೊತೆಗೆ ಹೋಗುವ ಟೀಚರಿಗೂ, ಪಕ್ಕದಲ್ಲಿ ಕೂರುವ ಗೆಳತಿಗೂ ತನಗೆ ಎಚ್ಚರ ತಪ್ಪಿದರೆ ಏನು ಮಾಡಬೇಕೆಂದು ಅವಳು ತಾನೇ ಮಾಡಿ ತೋರಿಸಿ ಕಲಿಸಿದ್ದಳು. ಗೇಟಿನ ಬಳಿ ತಂದೆತಾಯಿಯರ ಗುಂಪು. ಕಿಟಕಿಗಳ ಮೂಲಕ ಕೊನೆಯ ಗಳಿಗೆಯ ಪೊಟ್ಟಣಗಳು, ಬಾಟಲಿಗಳು, ಬುದ್ಧಿಮಾತುಗಳು ಒಳಹೋಗುತ್ತಿದ್ದವು. ನನ್ನ ಕೈಗಳು ಖಾಲಿಯಿದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ. ಸಿಂಚನ ಕಿಟಕಿಯಿಂದ ಕೈಬೀಸಿದಳು, ಬಸ್ಸು ತಿರುವು ದಾಟಿತು. ಪಕ್ಕದಲ್ಲಿದ್ದ ತಾಯಿಯೊಬ್ಬರು, ಮಗನಿಗೆ ಚಕ್ಕುಲಿಯ ಡಬ್ಬಿ ಕೊಡುವುದು ಮರೆತು ಪೇಚಾಡುತ್ತಿದ್ದವರು, ನನ್ನತ್ತ ತಿರುಗಿದರು.

"ನಿಮ್ಮ ಮಗಳಿಗೆ ಏನೇನು ಕಟ್ಟಿಕೊಟ್ಟಿದೀರಾ ಸಾರ್?"

"ಗೊತ್ತಿಲ್ಲ ಮೇಡಂ," ಎಂದೆ.

ಆಕೆ ಅಚ್ಚರಿಯಿಂದ ನೋಡಿದರು. ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ನಾನು ಇನ್ನೊಮ್ಮೆ, ಪಕ್ಕದವರಿಗೂ ಕೇಳುವ ಹಾಗೆ ಹೇಳಿದೆ.

"ನಂಗೆ ಗೊತ್ತೇ ಇಲ್ಲ."